ಗುರುಬಲದ ಹೆದ್ದಾರಿ

ಭಟ್ಕಳದಿಂದ ಕುಮಟೆಗೆ ಹೊರಟ ಬಸ್ಸು. ಕಿಟಕಿ ಬದಿಯ ಹಿರಿಯರ ತುಟಿ ಅಲುಗುತ್ತಲೇ ಇತ್ತು.

"ಯಾರ ಜಪ, ಮಾರಾಯ್ರೇ?"

"ಶನಿದು. 2025ರ ಮಾರ್ಚ್ 29ಕ್ಕೆ ಮೀನಕ್ಕೆ ಬಂದ. ನಂದು ಮೇಷ. ಸಾಡೇಸಾತಿ ಶುರು."

"ಎಷ್ಟು ಹೇಳ್ಬೇಕು?"

"ಒಬ್ಬ ಜೋಯಿಸರು 19,000 ಅಂದ್ರು, ಇನ್ನೊಬ್ರು 23,000."

"ಮಧ್ಯದ ನಾಲ್ಕು ಸಾವಿರ?"

"ದಕ್ಷಿಣೆ ನೋಡಿ ತೀರ್ಮಾನ."

ನಾನು ಲೆಕ್ಕಕ್ಕಿಳಿದೆ. "ಶನಿ ಸೂರ್ಯನನ್ನು ಒಂದು ಸುತ್ತು ಹಾಕೋಕೆ ಸುಮಾರು ಇಪ್ಪತ್ತೊಂಬತ್ತೂವರೆ ವರ್ಷ. ರಾಶಿಗೆ ಎರಡೂವರೆ. ಮೂರು ರಾಶಿಗೆ ಏಳೂವರೆ. ಹನ್ನೆರಡರಲ್ಲಿ ಮೂರು ರಾಶಿಯವರಿಗೆ ಯಾವಾಗ್ಲೂ ಕಾಟ. ಅಂದ್ರೆ, ಈ ಬಸ್ಸಲ್ಲಿ ನಾಲ್ಕರಲ್ಲಿ ಒಬ್ಬರಿಗೆ!"

"ಡ್ರೈವರಿಗೆ ಇಲ್ಲ ತಾನೇ?"

(ರಾಶಿ ಕೇಳಿ ಬಸ್ಸು ಹತ್ತುವ ಪದ್ಧತಿ ನಮ್ಮಲ್ಲಿನ್ನೂ ಬಂದಿಲ್ಲ.)

ಬಸ್ಸು ಹೊಂಡಕ್ಕೆ ಬಿತ್ತು. ಹಿರಿಯರ ಟೋಪಿ ನನ್ನ ಮಡಿಲಿಗೆ.

"ಇದೂ ಶನಿಯೋ?"

"ಅಲ್ಲ. ಈ ಹೆದ್ದಾರಿ ಮೊದಲು 17 ಆಗಿತ್ತು. ಒಂದು, ಏಳು ಕೂಡಿದ್ರೆ ಎಂಟು. ಅದು ಶನಿ ಸಂಖ್ಯೆ. ಈಗ 66. ಕೂಡಿದ್ರೆ ಹನ್ನೆರಡು, ಮತ್ತೆ ಕೂಡಿದ್ರೆ ಮೂರು. ಗುರು! ಗುರುಬಲದ ರಸ್ತೆ ಮಾರಾಯಾ."

"ಚತುಷ್ಪಥದ ಕೆಲಸ ಶುರುವಾಗಿ ಹತ್ತು ವರ್ಷ ದಾಟಿತಲ್ಲ? ಶನಿಯಾದ್ರೂ ಏಳೂವರೆಗೆ ಬಿಡ್ತಾನೆ."

"ಗುರು ನಿಧಾನಸ್ಥ," ಅಂದರು ಹಿರಿಯರು. ಶರಾವತಿ ಸೇತುವೆ ದಾಟುವಾಗ ಕೈ ಮುಗಿದರು, ನದಿಗೋ ಸೇತುವೆಗೋ ತಿಳಿಯಲಿಲ್ಲ.

"ಜಪ ಎಷ್ಟಕ್ಕೆ ಬಂತು?"

"ಅಯ್ಯೋ! ಎಣಿಕೆ ಆ ಹೊಂಡದಲ್ಲೇ ಬಿತ್ತು."

ಹೊನ್ನಾವರ ನಿಲ್ದಾಣದಲ್ಲಿ ಅವರು ಮತ್ತೆ ಒಂದರಿಂದ ಶುರು ಮಾಡಿದರು. ಕುಮಟೆಗೆ ಇನ್ನೂ ಸುಮಾರು 20 ಕಿಲೋಮೀಟರ್ ಇತ್ತು.