ಐವತ್ತಾರು ಪಿಜ್ಜಾ, ಒಬ್ಬರೇ ಅಜ್ಜಿ

ನಮ್ಮ ಮಾವನವರು ಕೊಟ್ಟ ಉತ್ತರ ಪರದೆಯ ಮೇಲೆ ಬರಲಿಲ್ಲ. ನಡೆದದ್ದು ಇಷ್ಟೇ. ಅದಕ್ಕೆ ಎರಡು ಹೊತ್ತು ಮೌನವ್ರತ, ಒಂದು ಹೊತ್ತು ಬರೀ ಮಜ್ಜಿಗೆ.

ಮಗ ಸೇರಿರುವುದು ‘ಗಿಫ್ಟೆಡ್’ ಮಕ್ಕಳ ಆನ್‌ಲೈನ್ ಗಣಿತದ ಕ್ಲಾಸಿಗೆ. 1979ರಲ್ಲಿ ಜಾನ್ಸ್ ಹಾಪ್‌ಕಿನ್ಸ್‌ನ ಜೂಲಿಯನ್ ಸ್ಟ್ಯಾನ್ಲಿ ಇಂಥ ಮಕ್ಕಳಿಗೊಂದು ಕೇಂದ್ರ ಕಟ್ಟಿದಾಗ ಅವರನ್ನು ಹುಡುಕಬೇಕಿತ್ತಂತೆ. ಈಗ ಫ್ರೀಮಾಂಟಿನ ನಮ್ಮ ಬೀದಿಯಲ್ಲಿ ಗಿಫ್ಟೆಡ್ ಅಲ್ಲದ ಮಗುವನ್ನು ಹುಡುಕಬೇಕು. ಈ ಕ್ಲಾಸಿನಲ್ಲಿ ಮೇಷ್ಟ್ರ ಮುಖವೂ ಇಲ್ಲ, ದನಿಯೂ ಇಲ್ಲ, ಬರೀ ಟೈಪಿಂಗ್. ಮಕ್ಕಳು ಕುಟ್ಟಿದ ಉತ್ತರ ಮೊದಲು ಮೇಷ್ಟ್ರಿಗೆ ಹೋಗುತ್ತದೆ. ಅವರು ಆರಿಸಿದ್ದಷ್ಟೇ ಎಲ್ಲರಿಗೂ ಕಾಣುತ್ತದೆ. ಹಾಸನದ ಹೈಸ್ಕೂಲಿನಲ್ಲಿ ಗಣಿತ ಹೇಳಿ ರಿಟೈರಾದ ಮಾವನವರಿಗೆ ಬೆತ್ತವಿಲ್ಲದ ಮೇಷ್ಟ್ರೇ ಅನುಮಾನ. ಇನ್ನು ಮುಖವೇ ಇಲ್ಲದವರು!

ಶನಿವಾರದ ಪಾಠ ವಿಕಲ್ಪಗಳು. “ಇದರ ಸೂತ್ರ ನಮ್ಮ ಮಹಾವೀರಾಚಾರ್ಯ 9ನೇ ಶತಮಾನದಲ್ಲೇ ಕೊಟ್ಟಿದಾನೆ, ನೃಪತುಂಗನ ಕಾಲದಲ್ಲಿ” ಎಂದು ಪೀಠಿಕೆ ಹಾಕಿ, ಮಗ ನೀರಿಗೆ ಎದ್ದದ್ದೇ ತಡ, ಮಾವ ಕುರ್ಚಿ ಹಿಡಿದರು. 8 ಟಾಪಿಂಗ್‌ಗಳಲ್ಲಿ 3 ಆರಿಸಿ ಎಷ್ಟು ಬಗೆಯ ಪಿಜ್ಜಾ ಮಾಡಬಹುದು? ಪಟ್ಟಿಯನ್ನೂ ಕೊಟ್ಟಿದ್ದರು. ಮಾವ ಅದನ್ನು ಓದಿದ್ದೇ ಅನಾಹುತ. ಪೆಪರೋನಿ! ಸಾಸೇಜ್! “ಶಿವ ಶಿವಾ” ಎಂದು ಎರಡನ್ನೂ ಹೊಡೆದುಹಾಕಿದರು. ಉಳಿದ ಆರರಲ್ಲಿ ಮೂರು: 20. ಕುಟ್ಟಿ ಕಾದರು. ಪರದೆಯ ಮೇಲೆ ಇನ್ಯಾರದೋ 56 ಬಂತು.

“ತಾತಾ! ನನ್ನ ಹೆಸರಲ್ಲಿ ತಪ್ಪು ಆನ್ಸರ್! ವೆಜಿಟೇರಿಯನ್ ಅಂತ ಕ್ವೆಶ್ಚನ್‌ನಲ್ಲಿ ಎಲ್ಲಿದೆ?”

“ಅದನ್ನೂ ಹೇಳಬೇಕೇನೋ? ಮನೆ ನೋಡಿದರೆ ಗೊತ್ತಾಗಲ್ವಾ?”

ಅಷ್ಟರಲ್ಲಿ ಅಡುಗೆಮನೆಯಿಂದ ಅತ್ತೆ. ಶ್ರಾವಣ ಶನಿವಾರ ಈರುಳ್ಳಿ ಯಾರು ತಿಂತಾರೆ? ಉತ್ತರ 10ಕ್ಕೆ ಇಳಿಯಿತು. ಅಣಬೆ ತಿಪ್ಪೆಯಲ್ಲಿ ಬೆಳೆಯುವುದು: 4. ಆಲಿವ್ ಕಹಿ: 1. ಟೊಮೆಟೊ, ದಪ್ಪಮೆಣಸಿನಕಾಯಿ, ಹಲಪೀನ್ಯೊ. ಪ್ರತಿ ಶುಕ್ರವಾರ ನಮ್ಮನೆಗೆ ಬರುವುದು ಇದೊಂದೇ ಪಿಜ್ಜಾ. ಮದುವೆಯಾದಾಗಿನಿಂದ ನಾನು ಆರಿಸಿದ್ದೆಂದುಕೊಂಡಿದ್ದ ಟಾಪಿಂಗ್‌ಗಳೆಲ್ಲ ಅತ್ತೆ ಆರಿಸಿ ಬಿಟ್ಟವೇ ಎಂದು ಗಣಿತ ಸಾಬೀತು ಮಾಡಿತು.

ಮುಖವಿಲ್ಲದ ಮೇಷ್ಟ್ರಿಂದ ಮಗನಿಗೆ ಗುಟ್ಟಾಗಿ ಒಂದು ಸಾಲು ಬಂದಿತ್ತು: ಯೋಚನೆ ಚೆನ್ನಾಗಿದೆ, ಪ್ರಶ್ನೆ ಇನ್ನೊಮ್ಮೆ ಓದು. ಮಾವ ಮೊದಲರ್ಧವನ್ನಷ್ಟೇ ಹಾಸನಕ್ಕೆ ಫೋನ್ ಮಾಡಿ ತಿಳಿಸಿದರು. ಉಳಿದರ್ಧಕ್ಕೆ ಮೌನವ್ರತ.

ವ್ರತ ಮುರಿದದ್ದು ಮಗನೇ. ಅವನಿಗೆ ಪೈಥಾನ್ ಕೋರ್ಸೂ ಇದೆ. 56 ಪಿಜ್ಜಾಗಳನ್ನೂ ಪಟ್ಟಿ ಮಾಡಿಸಿ, ಸೋಸಲು ಎರಡು ಫಂಕ್ಷನ್ ಬರೆದ. ಒಂದರ ಹೆಸರು ತಾತ, ಇನ್ನೊಂದು ಅಜ್ಜಿ. ಓಡಿಸಿದರೆ ಬಂದದ್ದು 1. ಲ್ಯಾಪ್‌ಟಾಪನ್ನು ತಾತನ ತೊಡೆಯ ಮೇಲಿಟ್ಟು ಪಕ್ಕದಲ್ಲೇ ಒತ್ತಿ ಕೂತ. ಮಾವ ಕನ್ನಡಕ ಏರಿಸಿ, ಅಡುಗೆಮನೆಯತ್ತ ಒಮ್ಮೆ ನೋಡಿ, ತಗ್ಗಿದ ದನಿಯಲ್ಲಿ ಕೇಳಿದರು: “ಇದರಿಂದ ಇವಳನ್ನ ತೆಗೆದರೆ?”

ಮಗ ಅಜ್ಜಿಯ ಸಾಲಿನ ಮುಂದೆ ಒಂದು ಹ್ಯಾಷ್ (#) ಹಾಕಿದ. ಹ್ಯಾಷ್ ಬಿದ್ದ ಸಾಲನ್ನು ಪೈಥಾನ್ ಕಣ್ಣೆತ್ತಿಯೂ ನೋಡುವುದಿಲ್ಲ. 20 ಬಂತು.

ಮಾವನವರಿಗೆ ಕಂಪ್ಯೂಟರ್ ಸೈನ್ಸ್ ಮೇಲೆ ಗೌರವ ಹುಟ್ಟಿದ್ದು ಆಗ. ಅಷ್ಟು ವರ್ಷದ ಸಂಸಾರದಲ್ಲಿ ಅವರಿಗೆ ಸಿಗದ ಸೌಲಭ್ಯ ಒಂದು ಕೀಲಿಯಲ್ಲಿ ಸಿಕ್ಕಿತ್ತು.

ಮುಂದಿನ ವಾರದ ಪಾಠ ಸಂಭವನೀಯತೆ, ಅದೂ ಇಸ್ಪೀಟೆಲೆಗಳಲ್ಲಿ. ಮಾವನವರನ್ನು ಆ ಕೋಣೆಗೆ ಬಿಡಕೂಡದೆಂದು ಅತ್ತೆಯ ತೀರ್ಪಾಗಿದೆ. ಅದಕ್ಕೆ ಹ್ಯಾಷ್ ಹಾಕುವ ಧೈರ್ಯ ಯಾರಿಗೂ ಇಲ್ಲ.