ದೆವ್ವದ ಊರಿಗೆ ಗಾಳಿ ಇಳಿಸಿಕೊಂಡು

ನವೆಂಬರ್ ಬಂತೆಂದರೆ ದುಬೈ ಕನ್ನಡಿಗನ ಮೈಯಲ್ಲಿ ಮೂರು ಹುಮ್ಮಸ್ಸು ಒಟ್ಟಿಗೆ ಏಳುತ್ತವೆ. ಒಂದು, ರಾಜ್ಯೋತ್ಸವಕ್ಕೆ ಹಳದಿ ಕೆಂಪು ಶಾಲಿಗೆ ಇಸ್ತ್ರಿ ಹಾಕುವುದು. ಎರಡು, ವಿಸಿಟ್ ವೀಸಾದಲ್ಲಿ ಬಂದ ಅಪ್ಪ ಅಮ್ಮನನ್ನು ಬುರ್ಜ್ ಖಲೀಫಾದ ಬುಡದಲ್ಲಿ ನಿಲ್ಲಿಸಿ, ಕಟ್ಟಡದ ತುದಿಯೂ ಬರಲೆಂದು ತಾನು ನೆಲಕ್ಕೆ ಮಲಗಿ ಫೋಟೋ ತೆಗೆಯುವುದು. ಮೂರು, ಸಾಲ ಮಾಡಿ ಕೊಂಡ ಫೋರ್ ವೀಲ್ ಡ್ರೈವ್ ಗಾಡಿಯನ್ನು ಮರಳಿಗೆ ಇಳಿಸುವುದು. ಬೇಸಿಗೆಯಲ್ಲಿ 45 ಡಿಗ್ರಿ ಮುಟ್ಟುವ ಈ ನಾಡಿನಲ್ಲಿ ಆ ಗಾಡಿ ಏರಿಳಿಯುವ ಅತಿ ದುರ್ಗಮ ಹಾದಿಯೆಂದರೆ ಮಾಲ್‌ನ ಬೇಸ್‌ಮೆಂಟ್ ಪಾರ್ಕಿಂಗ್. ಚಳಿಗಾಲದಲ್ಲಾದರೂ ಅದರ ಮರ್ಯಾದೆ ಉಳಿಸಬೇಡವೇ?

ನಮ್ಮ ಮನೆಯಲ್ಲಿ ಒಂದು ಚಳಿಗಾಲ ಮೂರೂ ಕೂಡಿಬಂದವು. ಪುತ್ತೂರಿನಿಂದ ಅಮ್ಮ ಬಂದಿದ್ದಳು. ಮಾಲ್‌ಗಳು ಅವಳಿಗೆ ಎರಡೇ ದಿನಕ್ಕೆ ಸಾಕಾಗಿ ಹೋದವು. ‘ಇಲ್ಲಿ ನಡೆದದ್ದೇ ನಡೆದದ್ದು, ಒಂದು ಬಾಳೆಗಿಡ ಕಾಣ್ಲಿಕ್ಕಿಲ್ಲ’ ಎಂದು ತೀರ್ಪು ಕೊಟ್ಟಾಗ ಮಗಳು, ‘ಅಜ್ಜಿಗೆ ದೆವ್ವದ ಊರು ತೋರಿಸೋಣ’ ಎಂದಳು. ಅಮ್ಮನ ಕಣ್ಣಲ್ಲಿ ಮೊದಲ ಬಾರಿ ಆಸಕ್ತಿ ಕಂಡಿತು.

ಆ ಊರು ಶಾರ್ಜಾದ ಅಲ್ ಮದಾಮ್. ದುಬೈನಿಂದ ಹತ್ತಾ ಕಡೆಗೆ ಹೋಗುವ ಹೆದ್ದಾರಿ ಹಿಡಿದರೆ ಸುಮಾರು ಒಂದು ಗಂಟೆ. ನಿಜ ಹೇಳಬೇಕೆಂದರೆ ಡಾಂಬರು ರಸ್ತೆಯ ಬದಿಗೆ ಕಾರು ನಿಲ್ಲಿಸಿ ನಡೆದೇ ಹೋಗಬಹುದು. ಆದರೆ ನಡೆದು ಹೋಗುವುದಾದರೆ ಬ್ಯಾಂಕಿಗೆ ತಿಂಗಳು ತಿಂಗಳು ಕಟ್ಟುತ್ತಿರುವುದು ಯಾವ ಸುಖಕ್ಕೆ? ಹಾಗಾಗಿ ನಾಲ್ಕು ಕನ್ನಡ ಕುಟುಂಬಗಳ ನಾಲ್ಕು ಗಾಡಿ, ಒಂದೊಂದರ ಮೇಲೂ ಉದ್ದ ಕೋಲಿಗೆ ಕಟ್ಟಿದ ಕಿತ್ತಳೆ ಬಾವುಟ, ಒಂದೊಂದರಲ್ಲೂ ವಾಕಿಟಾಕಿ. ವಾರವಿಡೀ ಲೆಕ್ಕಪತ್ರ ನೋಡುವ ಶಿವಮೊಗ್ಗದ ಗೆಳೆಯ ಮರಳು ಕಂಡೊಡನೆ ದಂಡನಾಯಕನಾಗುತ್ತಾನೆ. ‘ಎಡಕ್ಕೆ ಸಾಫ್ಟ್ ಸ್ಯಾಂಡ್, ಬಲಕ್ಕೆ ಹಿಡೀರಿ, ಓವರ್’ ಎಂದು ಅವನು ಗಂಭೀರವಾಗಿ ಆಜ್ಞೆ ಹೊರಡಿಸಿದ. ಅದೇ ತರಂಗದಲ್ಲಿ ನನ್ನ ಹೆಂಡತಿ, ‘ಪುಳಿಯೋಗರೆಗೆ ಪೇಪರ್ ತಟ್ಟೆ ಯಾರ ಗಾಡೀಲಿದೆ, ಓವರ್’ ಎಂದು ಕೇಳಿದಳು. ಆಜ್ಞೆಗೆ ಯಾರೂ ಉತ್ತರಿಸಲಿಲ್ಲ, ತಟ್ಟೆಗೆ ಮೂರು ಗಾಡಿಯಿಂದ ಉತ್ತರ ಬಂತು.

ಮರಳಿಗಿಳಿಯುವ ಮುಂಚೆ ಟೈರಿನ ಗಾಳಿ ಇಳಿಸಬೇಕು. ರಸ್ತೆಯಲ್ಲಿ 35 ಪಿಎಸ್‌ಐ ಇದ್ದದ್ದನ್ನು 15ರ ಆಸುಪಾಸಿಗೆ ತಂದರೆ ಟೈರು ಚಪ್ಪಟೆಯಾಗಿ, ನೆಲ ಮುಟ್ಟುವ ಭಾಗ ಉದ್ದವಾಗುತ್ತದೆ, ಭಾರ ಹಂಚಿಹೋಗುತ್ತದೆ, ಗಾಡಿ ಮರಳಲ್ಲಿ ಹೂತುಕೊಳ್ಳದೆ ಮೇಲೆ ಮೇಲೆ ಓಡುತ್ತದೆ. ನಾಲ್ವರು ಗಂಡಸರು ಸಾಲಾಗಿ ಕುಕ್ಕರುಗಾಲಲ್ಲಿ ಕುಳಿತು ‘ಸುಯ್’ ಎಂದು ಗಾಳಿ ಬಿಡುತ್ತಿದ್ದುದನ್ನು ಅಮ್ಮ ಮರುಕದಿಂದ ನೋಡಿದಳು. ‘ನಿನ್ನೆ ಪೆಟ್ರೋಲ್ ಬಂಕಿನಲ್ಲಿ ತುಂಬಿಸಿದ್ದು ಇದೇ ಗಾಳಿಯಾ?’ ಎಂದು ಕೇಳಿದಳು. ಅಷ್ಟರಲ್ಲಿ ಅತ್ತ ಕಡೆಯಿಂದ ಒಂದು ಒಂಟೆ ನಮ್ಮ ತಯಾರಿಯನ್ನೇ ನೋಡುತ್ತಾ ಅಗಲ ಪಾದ ಊರಿ ದಿಬ್ಬ ಹತ್ತಿಹೋಯಿತು. ‘ನೋಡು, ಅದಕ್ಕೆ ದೇವರು ಮೊದಲೇ ಗಾಳಿ ಇಳಿಸಿ ಕಳ್ಸಿದ್ದಾನೆ’ ಎಂದಳು ಅಮ್ಮ. ದಂಡನಾಯಕನ ಅರ್ಧ ಗಂಟೆಯ ಪಾಠ ಒಂದೇ ಮಾತಿನಲ್ಲಿ ಮುಗಿಯಿತು.

ಮರಳಿನ ದಿಬ್ಬ ಗೃಹಸ್ಥಾಶ್ರಮದ ಸಕಲ ನಿಯಮಗಳನ್ನೂ ತಲೆಕೆಳಗು ಮಾಡುತ್ತದೆ. ಮದುವೆಯಾದಂದಿನಿಂದ ಎಡ ಸೀಟಿನಲ್ಲಿ ಗಂಡ, ಬಲ ಸೀಟಿನಲ್ಲಿ ‘ನಿಧಾನ, ನಿಧಾನ’. ಇಲ್ಲಿ ನಿಧಾನವಾದರೆ ಹೂತೆವೆಂದೇ ಅರ್ಥ. ಏರುವಾಗ ವೇಗ ಬಿಡಬಾರದು, ನೆತ್ತಿಗೆ ಬಂದಾಗ ಕಾಲು ಸಡಿಲಿಸಬೇಕು, ಇಳಿಯುವಾಗ ನೆಟ್ಟಗೆ ಇಳಿಯಬೇಕು. ಅಡ್ಡ ತಿರುಗಿಸಿದರೆ ಗಾಡಿ ಮಗುಚುತ್ತದೆ, ಗಕ್ಕನೆ ಬ್ರೇಕ್ ಒತ್ತಿದರೆ ಚಕ್ರದ ಮುಂದೆ ಮರಳು ಗುಡ್ಡೆಯಾಗಿ ಅಲ್ಲೇ ಠಿಕಾಣಿ. ನಮ್ಮ ಹಿಂದೆ ಬರುತ್ತಿದ್ದ ಬಾಗಲಕೋಟೆಯ ಮಿತ್ರರು ಬಹಳ ಒಳ್ಳೆಯ ಗಂಡ. ದಿಬ್ಬದ ನಡುವೆ ಹೆಂಡತಿ ‘ಅಯ್ಯ, ಬ್ರೇಕ್ ಹಿಡೀರಿ!’ ಎಂದು ಕೂಗಿದರು, ಅವರು ಹಿಡಿದರು. ಗಾಡಿ ಹೊಟ್ಟೆಯವರೆಗೆ ಇಳಿಯಿತು.

ಕನ್ನಡಿಗರ ಗಾಡಿ ಹೂತರೆ ಮೊದಲು ನಡೆಯುವುದು ವಿಚಾರಸಂಕಿರಣ. ಒಬ್ಬರು ಹಿಂದಕ್ಕೆ ಎಂದರು, ಒಬ್ಬರು ಮುಂದಕ್ಕೆ ಎಂದರು, ಒಬ್ಬರು ಯೂಟ್ಯೂಬ್ ತೆರೆದರು. ಆಕ್ಸಿಲರೇಟರ್ ಒತ್ತಿದಷ್ಟೂ ಚಕ್ರ ತನ್ನ ಗುಂಡಿ ತಾನೇ ತೋಡುತ್ತದೆ ಎಂಬ ವಿಷಯದಲ್ಲಿ ಎಲ್ಲರಿಗೂ ಒಮ್ಮತವಿತ್ತು, ಆದರೂ ಎಲ್ಲರೂ ಒಮ್ಮೊಮ್ಮೆ ಒತ್ತಿ ನೋಡಿದರು. ಕೊನೆಗೆ ಪಕ್ಕದ ಒಂಟೆ ಫಾರ್ಮಿನಿಂದ ಪಠಾಣ ಕೆಲಸಗಾರನೊಬ್ಬ ನಡೆದು ಬಂದ. ಚಕ್ರದ ಮುಂದಿನ ಮರಳು ಬಾಚಿದ, ಟೈರಿನಿಂದ ಇನ್ನಷ್ಟು ಗಾಳಿ ಬಿಟ್ಟ, ಗಾಡಿಯನ್ನು ಸ್ವಲ್ಪ ಹಿಂದೆ ಸ್ವಲ್ಪ ಮುಂದೆ ತೂಗಾಡಿಸಿ ಹೊರಗೆ ತಂದು ‘ಖಲಾಸ್’ ಎಂದ. ನಮ್ಮ ಸಲಿಕೆ, ಹಗ್ಗ, ಕಬ್ಬಿಣದ ಕೊಂಡಿಗಳು ಚೀಲದಿಂದ ಹೊರಬರುವ ಅವಕಾಶವೇ ಸಿಗಲಿಲ್ಲ. ಅಮ್ಮ ಅವನಿಗೆ ಕೋಡುಬಳೆ ಕೊಟ್ಟಳು. ಆ ದಿನ ಕೋಡುಬಳೆಗೆ ಅರ್ಹನಾಗಿದ್ದವನು ಅವನೊಬ್ಬನೇ.

ಅಲ್ ಮದಾಮ್ ಎಂದರೆ ಅಚ್ಚು ಹಾಕಿದಂಥ ಎರಡು ಸಾಲು ಮನೆ, ಜೊತೆಗೊಂದು ಮಸೀದಿ. 1971ರ ಡಿಸೆಂಬರ್ 2ರಂದು ಎಮಿರೇಟ್‌ಗಳು ಸೇರಿ ಒಂದು ದೇಶವಾದವು. ಡೇರೆ ಕಟ್ಟಿ ಅಲೆಯುತ್ತಿದ್ದ ಬೆದೂಯಿನರನ್ನು ಒಂದೆಡೆ ನೆಲೆಗೊಳಿಸಲು 1970ರ ದಶಕದಲ್ಲಿ ಕಟ್ಟಿದ ವಸತಿಗಳಲ್ಲಿ ಇದೂ ಒಂದು. ಅಲ್ ಕುತ್ಬಿ ಬುಡಕಟ್ಟಿನವರು ಬಂದರು, ಕೆಲವು ವರ್ಷ ಬಾಳಿದರು, ಬಿಟ್ಟು ಹೋದರು. ಈಗ ಬಾಗಿಲುಗಳು ತೆರೆದೇ ಇವೆ. ಹಸಿರು, ನೀಲಿ ಬಣ್ಣದ ಗೋಡೆಗಳ ನಡುವೆ ಗೋಣಿಯಿಂದ ಸುರಿದ ಅಕ್ಕಿಯಂತೆ ಮರಳು ಕಿಟಕಿಯ ಎತ್ತರಕ್ಕೆ ನಿಂತಿದೆ. ಮಕ್ಕಳು ಕಿಟಕಿಯಿಂದಲೇ ನಡೆದು ಒಳಹೊಕ್ಕು ರೀಲ್ಸ್ ಶುರು ಮಾಡಿದರು.

ಊರು ಯಾಕೆ ಖಾಲಿಯಾಯಿತು ಎಂಬುದಕ್ಕೆ ಇಲ್ಲಿಯವರು ಹೇಳುವ ಕಾರಣಗಳಲ್ಲಿ ಜಿನ್ನ್ ಮುಖ್ಯ. ಅದರಲ್ಲೂ ಉಮ್ಮ್ ಅಲ್ ದುವೈಸ್ ಎಂಬವಳು: ಸುಂದರಿ, ಘಮಘಮ ಅತ್ತರು, ಬೆಕ್ಕಿನ ಕಣ್ಣು, ಕೈಯ ಜಾಗದಲ್ಲಿ ಕುಡುಗೋಲು, ಕತ್ತೆಯ ಕಾಲು. ಪರಸ್ತ್ರೀ ಹಿಂದೆ ಹೋಗುವ ಗಂಡಸರನ್ನು ಮುಗಿಸುವುದು ಅವಳ ಕಸುಬು. ಅಮ್ಮ ಗಮನವಿಟ್ಟು ಕೇಳಿ, ‘ನಮ್ಮ ಮೋಹಿನಿಗೆ ಪಾದ ಹಿಂದುಮುಂದು, ಇವಳಿಗೆ ಕತ್ತೆ ಕಾಲು. ಕೆಲಸ ಒಂದೇ’ ಎಂದಳು. ಮಲ್ಲೇಶ್ವರದಲ್ಲಿ ಬೆಳೆದ ನನ್ನ ಹೆಂಡತಿಗೆ 1990ರ ದಶಕದ ಬೆಂಗಳೂರು ನೆನಪಾಯಿತು. ರಾತ್ರಿ ಬಂದು ಬಾಗಿಲು ಬಡಿಯುವ ದೆವ್ವವನ್ನು ಸಾಗಹಾಕಲು ಬೀದಿ ಬೀದಿಯ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದ ಕಾಲ ಅದು. ‘ಇವರೂ ಹಾಗೆ ಬರೆದಿದ್ದರೆ ಊರು ಉಳೀತಿತ್ತೇನೋ’ ಎಂದಳು. ಕನ್ನಡ ಓದಲು ಬರುವ ದೆವ್ವವಾಗಿರಬೇಕಲ್ಲ ಎಂಬ ನನ್ನ ಸಂಶಯವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ದಂಡನಾಯಕ ವೈಜ್ಞಾನಿಕ ಕಾರಣ ಕೊಟ್ಟ. ವಾಯವ್ಯದಿಂದ ಬೀಸುವ ಶಮಾಲ್ ಗಾಳಿ ಮರಳು ಹೊತ್ತು ಬರುತ್ತದೆ. ಗೋಡೆ ಅಡ್ಡ ಬಂದಾಗ ಗಾಳಿಯ ವೇಗ ತಗ್ಗುತ್ತದೆ, ಹೊತ್ತದ್ದನ್ನು ಅಲ್ಲೇ ಇಳಿಸಿ ಹೋಗುತ್ತದೆ. ಅಮ್ಮ ಒಂದು ಕೋಣೆಯ ಹೊಸ್ತಿಲಲ್ಲಿ ನಿಂತು ಕೇಳಿದಳು: ‘ಮರಳು ಬಂತು ಅಂತ ಜನ ಹೋದದ್ದಾ, ಗುಡಿಸುವ ಜನ ಹೋದ ಮೇಲೆ ಮರಳು ಬಂದದ್ದಾ?’ ವಾಕಿಟಾಕಿಗಳು ಮೌನವಾದವು.

ಪುಳಿಯೋಗರೆ ಮುಗಿದು ಥರ್ಮಾಸಿನ ಕಾಫಿ ಬರುವ ಹೊತ್ತಿಗೆ ಅವಳ ಎರಡನೇ ಅಸ್ತ್ರ ಹೊರಬಂತು. ‘ಎಂತ ಮಾರಾಯ, ಪಾಳುಮನೆ ನೋಡ್ಲಿಕ್ಕೆ ಇಷ್ಟು ಖರ್ಚು ಮಾಡಿ ಬಂದದ್ದಾ? ನಮ್ಮಲ್ಲಿ ಬೇಕಾದಷ್ಟು ಉಂಟಲ್ಲ! ಮೇಲಿನ ಮನೆಯ ಇಬ್ಬರೂ ಕತಾರಿನಲ್ಲಿ. ತೋಡಿನ ಆಚೆಯವರು ಮಸ್ಕತ್ತಿನಲ್ಲಿ. ಗುಡ್ಡೆಯ ಮೇಲೆ ಮೂರು ಮಾಳಿಗೆ ಕಟ್ಟಿಸಿದವರ ಮನೆಯಲ್ಲಿ ಈಗ ಒಂದು ನಾಯಿ, ಅದಕ್ಕೆ ಅನ್ನ ಹಾಕ್ಲಿಕ್ಕೆ ಒಬ್ಬ ಒಡಿಶಾದವ. ಈಗ ನಾನೂ ಇಲ್ಲಿಗೆ ಬಂದೆ, ನಮ್ಮದಕ್ಕೂ ಬೀಗ.’

ನಾಲ್ಕು ಕುಟುಂಬಗಳಲ್ಲಿ ಯಾರಿಗೂ ನಗು ಬರಲಿಲ್ಲ. ಯಾಕೆಂದರೆ ನಾಲ್ವರಿಗೂ ಊರಲ್ಲಿ ಮನೆಯಿದೆ, ನಾಲ್ಕರಲ್ಲಿ ಮೂರಕ್ಕೆ ಬೀಗವಿದೆ. ನಾವು ಇಲ್ಲಿ ಎರಡು ಕೋಣೆಯ ಬಾಡಿಗೆ ಫ್ಲ್ಯಾಟಿನಲ್ಲಿ ಮಕ್ಕಳ ಮಂಚದ ಕೆಳಗೆ ಸೂಟ್‌ಕೇಸ್ ತುರುಕಿ ಬದುಕುತ್ತೇವೆ, ಊರಲ್ಲಿ ಐದು ಬಾತ್‌ರೂಮಿನ ಮನೆ ಕಟ್ಟಿ ಹಲ್ಲಿಗೆ ಬಿಡುತ್ತೇವೆ. ಕರಾವಳಿಯಲ್ಲಿ ಮರಳು ಬೇಕಾಗಿಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಸುರಿಯುವ ಮಳೆ, ಪಾಚಿ, ಗೆದ್ದಲು ಸೇರಿ ಅದೇ ಕೆಲಸವನ್ನು ಇನ್ನೂ ಬೇಗ ಮುಗಿಸುತ್ತವೆ. ಬಾಡಿಗೆಗೆ ಕೊಡಿ ಎಂದರೆ, ‘ಕೊಟ್ಟರೆ ಬಿಡುವುದಿಲ್ಲ ಮಾರಾಯ್ರೇ’ ಎಂಬ ಹೆದರಿಕೆ. ದೆವ್ವವಾದರೋ ಕರಾರು ಕೇಳುವುದಿಲ್ಲ, ಅಡ್ವಾನ್ಸ್ ಕೊಡುವುದಿಲ್ಲ, ಎಂದೂ ಬಿಡುವುದಿಲ್ಲ. ಅದಕ್ಕೆ ಮಾತ್ರ ನಮ್ಮ ಆಕ್ಷೇಪವಿಲ್ಲ.

ರಾಸ್ ಅಲ್ ಖೈಮಾದಲ್ಲಿ ಜಜೀರತ್ ಅಲ್ ಹಮ್ರಾ ಎಂಬ ಇನ್ನೊಂದು ಖಾಲಿ ಊರಿದೆ. ಮುತ್ತು ತೆಗೆಯುತ್ತಿದ್ದವರ ಊರು, ಹವಳದ ಕಲ್ಲಿನ ಮನೆಗಳು. ಅಲ್ ಜಾಬ್ ಬುಡಕಟ್ಟಿನವರು 1968ರಲ್ಲಿ ಅದನ್ನು ಬಿಟ್ಟು ಅಬುಧಾಬಿ ಸೇರಿದರು. ಅಲ್ಲೂ ಜಿನ್ನ್ ಇದೆಯೆಂದು ಜನ ಹೆದರುತ್ತಿದ್ದರು. ಈಗ ಗೋಡೆಗಳನ್ನು ರಿಪೇರಿ ಮಾಡಿ, ಚಳಿಗಾಲದಲ್ಲಿ ಅಲ್ಲಿ ಕಲಾ ಉತ್ಸವ ನಡೆಸುತ್ತಾರೆ. ದೀಪ ಹಾಕಿ ಜನ ಬಂದ ಮೇಲೆ ಜಿನ್ನ್‌ಗೂ ಅಲ್ಲಿ ಏಕಾಂತ ಸಿಗುವುದಿಲ್ಲ.

ಆದ್ದರಿಂದ ಗಲ್ಫಿನಲ್ಲಿರುವ, ಊರಲ್ಲಿ ಬೀಗ ಹಾಕಿರುವ ನನ್ನಂಥವರಲ್ಲಿ ಒಂದು ಬಿನ್ನಹ. ನಿಮ್ಮ ಊರಿನ ಶಾಲೆಗೆ ವರ್ಗವಾಗಿ ಬಂದ ಮೇಷ್ಟರೋ, ಆರೋಗ್ಯ ಕೇಂದ್ರಕ್ಕೆ ಬಂದ ನರ್ಸೋ ಮನೆ ಹುಡುಕುತ್ತಿದ್ದರೆ ಕೀಲಿಕೈ ಅವರ ಕೈಗೆ ಕೊಡಿ. ಬಾಡಿಗೆ ಕಡಿಮೆಯಾದರೂ ಚಿಂತಿಲ್ಲ, ದಿನಾ ಹಿಡಿಸೂಡಿ ಆಡಿಸುತ್ತೇನೆಂದು ಕರಾರಿನಲ್ಲಿ ಬರೆಸಿಕೊಳ್ಳಿ. ಮಳೆಗಾಲಕ್ಕೆ ಮುಂಚೆ ಕೊಟ್ಟರೆ ಇನ್ನೂ ಒಳ್ಳೆಯದು.