ಷಡ್ಡಕರ ಲೆಕ್ಕ

ಕೆಲವು ಗಂಡಸರು ಎದುರಿಗೆ ಸಿಕ್ಕವರ ಮುಖಕ್ಕಿಂತ ಮೊದಲು ಅವರ ಕೈಚೀಲ ನೋಡುತ್ತಾರೆ. ಚೀಲದ ಬಾಯಿಂದ ಹೀರೆಕಾಯಿಯ ತುದಿಯೋ ಕೊತ್ತಂಬರಿಯ ಜುಟ್ಟೋ ಕಂಡರೆ ಸಾಕು, ‘ಚೆನ್ನಾಗಿದೀರಾ’ ಬರಬೇಕಾದ ಜಾಗದಲ್ಲಿ ‘ಹೆಂಗೆ ಕೆ.ಜಿ.?’ ಬರುತ್ತದೆ. ನೀವು ಎಷ್ಟೇ ಹೇಳಿ, ಅವರ ತುಟಿ ಸ್ವಲ್ಪ ಕೊಂಕುತ್ತದೆ. ಆಮೇಲೆ ಕರುಣೆಯಿಂದ ‘ಹೋಗ್ಲಿ ಬಿಡಿ’ ಅನ್ನುತ್ತಾರೆ. ಆ ಒಂದು ‘ಹೋಗ್ಲಿ ಬಿಡಿ’ಗೆ ನಿಮ್ಮ ಓದು, ಉದ್ಯೋಗ, ಇಷ್ಟು ವರ್ಷದ ಸಂಸಾರ ಎಲ್ಲವೂ ರದ್ದಿಗೆ ಬೀಳುತ್ತವೆ.

ಇಂಥವರು ಪ್ರತಿ ಬೀದಿಯಲ್ಲೂ ಒಬ್ಬರಿರುತ್ತಾರೆ. ಬೀದಿಯವರಾದರೆ ರಸ್ತೆ ದಾಟಿ ತಪ್ಪಿಸಿಕೊಳ್ಳಬಹುದು. ನನಗೆ ಸಿಕ್ಕವರು ಷಡ್ಡಕರು. ಹೆಂಡತಿಯ ಅಕ್ಕನ ಗಂಡ, ವಯಸ್ಸಿನಲ್ಲಿ ಹಿರಿಯರು, ಬಾಯಿ ತುಂಬ ‘ಭಾವ’ ಅನ್ನಲೇಬೇಕಾದವರು. ಷಡ್ಡಕ ಸಂಬಂಧದ ಕಷ್ಟವೇನೆಂದರೆ, ಮನುಷ್ಯ ನಮ್ಮ ಮನೆಗೆ ಬರದ ದಿನವೂ ಹಾಜರಿರುತ್ತಾನೆ. ನಾನು ಚೀಲ ಕೆಳಗಿಡುವಷ್ಟರಲ್ಲಿ ಅಡುಗೆಮನೆಯಿಂದ ‘ಭಾವ ಆಗಿದ್ರೆ...’ ಅಂತ ಒಂದು ವಾಕ್ಯ ಶುರುವಾಗುತ್ತದೆ. ಅದು ಪೂರ್ತಿಯಾದದ್ದನ್ನು ನಾನು ಕೇಳಿಲ್ಲ, ಕೇಳುವ ಅಗತ್ಯವೂ ಬಿದ್ದಿಲ್ಲ.

ಭಾವ ಬ್ಯಾಂಕೊಂದರಲ್ಲಿ ಆಡಿಟ್ ನೋಡಿಕೊಂಡಿದ್ದು ನಿವೃತ್ತರಾದರು. ಬ್ಯಾಂಕು ಅವರನ್ನು ಬಿಟ್ಟರೂ ಅವರು ಆಡಿಟ್ ಬಿಡಲಿಲ್ಲ. ಈಗ ಪ್ಯಾಕೆಟ್ಟುಗಳ ಮೇಲೆ ಇರುವೆಸಾಲಿನ ಹಾಗೆ ಅಚ್ಚಾಗಿರುತ್ತದಲ್ಲ, ಒಂದು ಗ್ರಾಮಿಗೆ ಇಷ್ಟು ಅಂತ, ಅದನ್ನು ಓದಲೆಂದೇ ಜೇಬಿನಲ್ಲಿ ಭೂತಗನ್ನಡಿ ಇಟ್ಟುಕೊಳ್ಳುತ್ತಾರೆ. ‘ದೊಡ್ಡ ಪ್ಯಾಕೆಟ್ ತಗೊಂಡ್ರೆ ಅಗ್ಗ ಅನ್ನೋದು ಮೂಢನಂಬಿಕೆ ಕಣ್ರೀ’ ಎನ್ನುತ್ತ ಸೂಪರ್ ಮಾರ್ಕೆಟ್ಟಿನ ಸಾಲಿನಲ್ಲಿ ಅಡ್ಡ ನಿಂತರೆ ಹಿಂದೆ ಗಾಡಿಗಳ ಜಾಮ್ ಆಗುತ್ತದೆ. ಐದು ರೂಪಾಯಿ ಬಿಸ್ಕತ್ ಪ್ಯಾಕೆಟ್ ವರ್ಷದಿಂದ ವರ್ಷಕ್ಕೆ ಸೊರಗುತ್ತಿರುವ ಬಗ್ಗೆ ಅವರದೊಂದು ಉಪನ್ಯಾಸವೇ ಇದೆ. ‘ಬೆಲೆ ಏರಿಸೋಕೆ ಧೈರ್ಯ ಇಲ್ಲದೋರು ಬಿಸ್ಕತ್ ಇಳಿಸ್ತಾರೆ’ ಎಂಬುದು ಅದರ ಪಲ್ಲವಿ.

2022ರ ಜುಲೈನಲ್ಲಿ 25 ಕೆ.ಜಿ.ವರೆಗಿನ ಪ್ಯಾಕ್ ಮಾಡಿದ ಅಕ್ಕಿ, ಬೇಳೆ, ಹಿಟ್ಟಿಗೆ ಶೇ 5 ಜಿಎಸ್‌ಟಿ ಬಂದಾಗ ಊರೆಲ್ಲ ಗೊಣಗಿತು. ಭಾವ ಗೊಣಗಲಿಲ್ಲ. ಸ್ವಲ್ಪ ದಿನದಲ್ಲೇ ಅಂಗಡಿಗಳಲ್ಲಿ 26 ಕೆ.ಜಿ. ಮೂಟೆ ಕಾಣಿಸಿಕೊಂಡಾಗ, ಅದನ್ನು ಕಟ್ಟಿದ ಅಕ್ಕಿ ಗಿರಣಿಯವನ ಬುದ್ಧಿಗೆ ಮನಸಾರೆ ತಲೆದೂಗಿದರು. ಒಂದು ಮೂಟೆ ತಂದು ಅರ್ಧ ನನ್ನ ಪಾಲಿಗೆ ಹಾಕಿದರು. ನನಗೆ ಬೇಕೇ ಎಂದು ಕೇಳುವ ಪದ್ಧತಿ ಅವರಲ್ಲಿಲ್ಲ. ಬಕೆಟ್ಟಿನ ತೂಕ ಕಳೆದು, ಗೋಣಿಯ ತೂಕ ಕಳೆದು, ಸರಿಯಾಗಿ 13 ಕೆ.ಜಿ. ಆ ಅಕ್ಕಿ ನಾನು ತರುತ್ತಿದ್ದುದಕ್ಕಿಂತ ದುಬಾರಿ ಎಂದು ಗೊತ್ತಾದಾಗ ಒಳಗೊಳಗೇ ಹಿಗ್ಗಿದೆ. ಬಾಯಿ ತೆರೆಯುವ ಮೊದಲೇ ಭಾವ ‘ಹಳೇ ಅಕ್ಕಿ ಕಣ್ರೀ, ಒದಗುತ್ತೆ. ನಿಮ್ಮ ಹೊಸ ಅಕ್ಕಿ ನಾಕು ಪಾವು ಹಾಕೋ ಕಡೆ ಇದು ಮೂರು ಸಾಕು’ ಅಂದರು. ಮಾಡಿ ನೋಡಿದೆವು. ಹಾಳಾದ್ದು, ನಿಜ.

ಹಾಲಿನದು ಬೇರೆ ಕತೆ. 2024ರ ಜೂನ್‌ನಲ್ಲಿ ನಂದಿನಿ ಪ್ಯಾಕೆಟ್ಟಿಗೆ ಎರಡು ರೂಪಾಯಿ ಏರಿಸಿ 50 ಎಂ.ಎಲ್. ಹಾಲು ಹೆಚ್ಚು ಕೊಟ್ಟರಲ್ಲ, ಉಳಿದವರು ಎರಡು ರೂಪಾಯಿ ನೋಡಿದರು, ಭಾವ ಐವತ್ತು ಎಂ.ಎಲ್. ನೋಡಿದರು. ದಿನಾ ಅಷ್ಟನ್ನು ಬೇರೆ ಪಾತ್ರೆಗೆ ಎತ್ತಿಟ್ಟು, ಹೆಪ್ಪು ಹಾಕಿಸಿ, ‘ಈ ಮೊಸರು ಪುಕ್ಕಟೆ’ ಎಂದು ನನಗೂ ಬಡಿಸಿದ್ದಾರೆ. ಮುಂದಿನ ಏಪ್ರಿಲ್‌ನಲ್ಲಿ ಲೀಟರಿಗೆ ನಾಲ್ಕು ರೂಪಾಯಿ ಏರಿ, ಆ ಐವತ್ತು ಎಂ.ಎಲ್. ಕೂಡ ವಾಪಸ್ ಹೋದಾಗ ಅವರ ಮನೆಯಲ್ಲಿ ಒಂದು ವಾರ ಸೂತಕದ ಕಳೆ ಇತ್ತು.

ದಿನಾ ಬೆಳಿಗ್ಗೆ ವಾಕಿಂಗ್ ಹೋಗುವುದು ಹಾಪ್‌ಕಾಮ್ಸ್ ಮಳಿಗೆವರೆಗೆ. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಂಘವಾಗಿ ಹುಟ್ಟಿದ ಸಂಸ್ಥೆ ಅದು ಎಂದು ನನಗೆ ತಿಳಿಸಿದವರೂ ಅವರೇ, ನಾನು ಕೇಳದೆಯೇ. ಅಲ್ಲಿನ ದರದ ಬೋರ್ಡನ್ನು ಚೀಟಿಗಿಳಿಸಿಕೊಂಡು ಬಂದು ನಮ್ಮ ಬೀದಿಯ ಗಾಡಿಯವಳ ಮುಂದೆ ದಾಖಲೆಯಾಗಿ ಹಿಡಿಯುತ್ತಾರೆ. ಅವಳು ಒಮ್ಮೆ ರೇಗಿ, ‘ಹಂಗಾದ್ರೆ ಆ ಬೋರ್ಡನ್ನೇ ಹೆಚ್ಚಿ ಹುಳಿ ಮಾಡ್ಕಳಿ ಸಾಮಿ’ ಅಂದಳು. ಭಾವ ಬೇಸರ ಮಾಡಿಕೊಳ್ಳಲಿಲ್ಲ. ಕೊಸರಿಗೆಂದು ನಾಲ್ಕು ಎಸಳು ಕರಿಬೇವು ಕಿತ್ತುಕೊಂಡೇ ಬಂದರು.

ಜಿಪುಣ ಎನ್ನೋಣವೆಂದರೆ ನಾಲಿಗೆ ಏಳುವುದಿಲ್ಲ, ಏಕೆಂದರೆ ಅದೇ ನಾಲಿಗೆ ಅವರ ಮನೆಯಲ್ಲಿ ಉಂಡಿದೆ. ಕಾಫಿಪುಡಿಗೆ ಚಿಕೋರಿ ಬೆರೆಸಲು ಒಪ್ಪುವುದಿಲ್ಲ. ತುಪ್ಪ ಮನೆಯದೇ. ಸೊಪ್ಪು ತಂದ ದಿನ ಬಸ್ಸಾರು: ಬೆಂದ ಕಾಳು–ಸೊಪ್ಪು ಪಲ್ಯಕ್ಕೆ, ಬಸಿದ ಕಟ್ಟು ಸಾರಿಗೆ, ಒಂದೇ ಒಲೆ, ಒಂದೇ ಪಾತ್ರೆ, ಊಟ ಮಾತ್ರ ಎರಡು ಬಗೆ. ಹೀರೆಕಾಯಿ ಹುಳಿಗೆ, ಅದರ ಸಿಪ್ಪೆ ಚಟ್ನಿಗೆ. ಕಲ್ಲಂಗಡಿ ತಿಂದ ಮಾರನೆಯ ದಿನ ಅದರ ಬಿಳಿ ಭಾಗದ ದೋಸೆ. ಹಲಸಿನಬೀಜವಂತೂ ಹಣ್ಣಿಗಿಂತ ಗೌರವದಿಂದ ಬಾಳುತ್ತದೆ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸು ಎರಡು ಸಾವಿರ ದಾಟಿದಾಗ, ನಾವು ಪತ್ರಿಕೆ ಓದಿ ನಿಟ್ಟುಸಿರು ಬಿಡುತ್ತ ಅರ್ಧ ಕೆ.ಜಿ. ಕೊಂಡೆವು. ಅವರ ಮನೆಯಲ್ಲಿ ಟೊಮೆಟೊ ಹೆಸರೇ ಎತ್ತಲಿಲ್ಲ. ಹುಣಸೆಹಣ್ಣು, ಮಾವಿನಕಾಯಿ, ಅಮಟೆಕಾಯಿ, ನಿಂಬೆ ಸರದಿಯ ಮೇಲೆ ಬಂದು ಹೋದವು. ‘ಹೊರಗಿಂದ ಬಂದ ಹಣ್ಣು ಕಣ್ರೀ ಅದು. ನಮ್ಮ ತಾತಂದಿರು ಸಾರು ಉಣ್ಣದೆ ಸತ್ರಾ?’ ಎಂದು ಕೇಳುವಾಗ ಅವರ ತಟ್ಟೆಯಲ್ಲಿದ್ದ ಸಾರು ನಮ್ಮದಕ್ಕಿಂತ ರುಚಿಯಾಗಿತ್ತು.

ಇಷ್ಟನ್ನು ಸಹಿಸಬಹುದು. ಅವರೆಕಾಯಿ ಕಾಲವನ್ನು ಸಹಿಸುವುದು ಕಷ್ಟ.

ಭಾವನಿಗೆ ವರ್ಷವಿಡೀ ಸಿಗುವ ಹೆಬ್ಬಾಳ ಅವರೆಯ ಮೇಲೆ ತಿರಸ್ಕಾರ. ಕೃಷಿ ವಿಶ್ವವಿದ್ಯಾಲಯದವರು ಕಷ್ಟಪಟ್ಟು ರೂಪಿಸಿದ ತಳಿ ಎಂದರೆ, ‘ಕಾಳೇನೋ ಕೊಟ್ರು, ಸೊಗಡೆಲ್ಲಿ?’ ಅನ್ನುತ್ತಾರೆ. ಡಿಸೆಂಬರ್ ಮುಗಿಯುತ್ತ ಬಂದು, ಇಬ್ಬನಿ ಬಿದ್ದು, ಕಾಯಿ ಮುಟ್ಟಿದರೆ ಕೈಗೆ ಜಿಡ್ಡು ಅಂಟಬೇಕು. ಆಗ ಮಾಗಡಿ ಕಡೆಯಿಂದ ಒಂದು ಮೂಟೆ ಸ್ಕೂಟರಿನಲ್ಲಿ ಕಾಲ ನಡುವೆ ಕೂತು ಬರುತ್ತದೆ. ಅದರ ಹಿಂದೆಯೇ ಫೋನು: ‘ಭಾನುವಾರ ಎಲ್ಲ ಊಟಕ್ಕೆ ಬನ್ನಿ. ಬೇಗ ಬನ್ನಿ, ಮಾತಾಡೋಣ.’

‘ಬೇಗ’ ಎಂದರೆ ಒಂಬತ್ತು ಗಂಟೆ. ‘ಮಾತಾಡೋಣ’ ಎಂದರೆ ಹಾಲಿನ ತುಂಬ ಹಳೇ ಪೇಪರು ಹಾಸಿ ಮೂಟೆ ಸುರಿದಿರುತ್ತದೆ. ಹಿಚುಕಿದ ಬೇಳೆ ಕೊಂಡರೆ ಎಷ್ಟು, ಕಾಯಿ ಕೊಂಡು ಬಿಡಿಸಿದರೆ ಎಷ್ಟು ಎಂಬ ಅವರ ಲೆಕ್ಕದಲ್ಲಿ ನೆಂಟರ ಕೂಲಿಗೆ ಸೊನ್ನೆ. ಮೂರು ಕೆ.ಜಿ. ಕಾಯಿಗೆ ಒಂದು ಕೆ.ಜಿ. ಕಾಳು ಸಿಕ್ಕರೆ ನಮ್ಮ ಪುಣ್ಯ. ಒಮ್ಮೆ ಅವರ ತಂಗಿಯ ಹೊಸ ಅಳಿಯ ಮೊದಲ ಸಲ ಊಟಕ್ಕೆಂದು ಬಂದಿದ್ದ. ಸಾಫ್ಟ್‌ವೇರ್ ಹುಡುಗ, ಇಸ್ತ್ರಿ ಮಾಡಿದ ಬಿಳಿ ಷರ್ಟು. ‘ಬನ್ನಿ ಅಳಿಯಂದ್ರೇ’ ಎಂದು ಪ್ರೀತಿಯಿಂದ ಕೂರಿಸಿ, ಕೈಗೆ ತಾಂಬೂಲ ಕೊಟ್ಟಷ್ಟೇ ಮರ್ಯಾದೆಯಿಂದ ಮೊರ ಕೊಟ್ಟರು. ಎರಡನೇ ಕಾಯಲ್ಲೇ ಹಸಿರು ಹುಳ ಇಣುಕಿತು, ಹುಡುಗ ಕೂತಲ್ಲೇ ಎಗರಿದ. ಭಾವ ಕದಲಲಿಲ್ಲ. ‘ಹುಳಕ್ಕೇ ಬೇಡದ ಕಾಯಿ ನಮಗ್ಯಾಕೆ?’

ಅವರು ತಾವು ಬಿಡಿಸುವುದಿಲ್ಲ. ಸಿಪ್ಪೆಯ ಗುಡ್ಡೆ ಕೆದಕುತ್ತ ಸುತ್ತು ಹಾಕುತ್ತಾರೆ. ತಪ್ಪಿಸಿಕೊಂಡ ಕಾಳು ಸಿಕ್ಕರೆ ಒಂದು ಮಾತೂ ಆಡದೆ ತಂದು ನಿಮ್ಮ ಮುಂದಿಡುತ್ತಾರೆ. ಬೈದಿದ್ದರೆ ವಾಸಿಯಿತ್ತು. ನನ್ನ ಮುಂದೆ ಅಂಥ ಕಾಳುಗಳದೇ ಒಂದು ಪುಟ್ಟ ರಾಶಿಯಾಗುವುದನ್ನು ನನ್ನ ಹೆಂಡತಿ ಎದುರು ಸಾಲಿನಿಂದ ನೋಡುತ್ತಿರುತ್ತಾಳೆ.

ಆದರೂ ಹೇಳಬೇಕು. ಕೈಯೆಲ್ಲ ಸೊಗಡಿನ ಜಿಡ್ಡಾದ್ದರಿಂದ ಅಲ್ಲಿ ಯಾರೂ ಮೊಬೈಲ್ ಮುಟ್ಟುವ ಹಾಗಿಲ್ಲ. ಬೇರೆ ದಾರಿಯಿಲ್ಲದೆ ಜನ ಮಾತಾಡುತ್ತಾರೆ. ಸೈಟಿನ ವಿಷಯಕ್ಕೆ ಮುಖ ತಿರುಗಿಸಿಕೊಂಡಿದ್ದ ಇಬ್ಬರು ಒಂದೇ ಮೊರಕ್ಕೆ ಕೈ ಹಾಕಿ, ಹತ್ತೂವರೆಗೆ ‘ಕಾಲು ನೋವು ಹೇಗಿದೆ’ಗೆ ಬಂದಿದ್ದರು. ಹೊಸ ಅಳಿಯ ತನ್ನ ಅಜ್ಜಿಯೂ ಹೀಗೇ ಕೂರಿಸುತ್ತಿದ್ದಳು ಅಂದ. ಛತ್ರದ ಮದುವೆಗಳಲ್ಲಿ ಊಟ ಮುಗಿಸಿ ಕವರು ಕೊಟ್ಟು ಓಡುವ ನಾವು, ವರ್ಷಕ್ಕೊಮ್ಮೆ ಹೀಗೆ ನೆಲದ ಮೇಲೆ ಕೂರದಿದ್ದರೆ ಒಬ್ಬರಿಗೊಬ್ಬರು ಯಾರಾಗಿರುತ್ತಿದ್ದೆವೋ... ನನ್ನ ಬೆನ್ನು ಎರಡು ದಿನ ಹಿಡಿದುಕೊಂಡಿತ್ತೆಂಬುದನ್ನು ಬರೆಯಲು ಹೊರಟಿದ್ದೆ, ಎಲ್ಲಿಗೋ ಹೋದೆ.

ಮಧ್ಯಾಹ್ನ ಹಿತಕಿದಬೇಳೆ ಸಾರು, ಬಿಸಿ ಮುದ್ದೆ, ಮೇಲೆ ಕೈಬಿಚ್ಚಿ ಹಾಕಿದ ತುಪ್ಪ. ಅಳಿಯ ಎರಡನೇ ಮುದ್ದೆ ಮುರಿಯುವಾಗ ಭಾವ ಎಲ್ಲರಿಗೂ ಕೇಳುವಂತೆ ಅಂದರು: ‘ನೋಡಿ, ಬೆಳಿಗ್ಗೆ ಬಿಡಿಸಿದ್ದು, ಮಧ್ಯಾಹ್ನ ಎಲೆ ಮೇಲೆ. ಹೊರಗೆ ಇದೇ ಊಟಕ್ಕೆ ಎಷ್ಟಾಗ್ತಿತ್ತು?’

ಕೈ ತೊಳೆಯುವಾಗ ನನಗೆ ಹೊಳೆಯಿತು. ಅವರೆಕಾಳು ಗಂಟೆಗಟ್ಟಲೆ ನೆನೆಯದೆ ಹಿಚುಕಲು ಬರುವುದಿಲ್ಲ. ನಾವು ಬಿಡಿಸಿದ ಕಾಳೆಲ್ಲ ಇನ್ನೂ ಬಚ್ಚಲ ಪಕ್ಕದ ಬೇಸಿನ್ನಿನಲ್ಲಿ ನೀರಿಗೆ ಬಿದ್ದಿತ್ತು. ಹಾಗಾದರೆ ನಾವು ಉಂಡದ್ದು?

ಅತ್ತಿಗೆಯನ್ನು ಕೇಳಿದೆ. ಅವರು ಹಾಲಿನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು. ‘ನಿನ್ನೆ ಸಂಜೆ ತಂದೆ. ಮಾರ್ಕೆಟ್ ಮುಂದೆ ಹಿಚುಕಿ ಮಾರ್ತಾರಲ್ಲ, ಅವರ ಹತ್ರ. ಇಷ್ಟು ಜನಕ್ಕೆ ನಾನೊಬ್ಬಳೇ ಹಿಚುಕ್ತಾ ಕೂತಿದ್ರೆ ಬೆಳಗಾಗ್ತಿತ್ತು. ನೀವೇನೂ ಹೇಳೋಕೆ ಹೋಗ್ಬೇಡಿ.’

ಅಲ್ಲಿಯವರೆಗೆ ಭಾವನ ಉಳಿತಾಯವೆಲ್ಲ ಭಾವನದೇ ಎಂದುಕೊಂಡಿದ್ದೆ. ಸಿಪ್ಪೆ ಚಟ್ನಿ ರುಬ್ಬುವವರು, ಕೆನೆ ಕಡೆಯುವವರು, ಸೊಪ್ಪು ಸೋಸುವವರು, ಹಲಸಿನಬೀಜದ ಸಿಪ್ಪೆ ತೆಗೆದು ಉಗುರು ಕಪ್ಪಾದವರು ಯಾರು ಎಂದು ಯೋಚಿಸಿರಲಿಲ್ಲ. ರೂಪಾಯಿ ಉಳಿಸಿದವರ ಹೆಸರು ಊರಿಗೆಲ್ಲ ಗೊತ್ತು. ಅದಕ್ಕೆ ಖರ್ಚಾದ ಮಧ್ಯಾಹ್ನಗಳು ಅತ್ತಿಗೆಯವು. ನಮ್ಮ ಮನೆಯಲ್ಲಿ ಆ ‘ಭಾವ ಆಗಿದ್ರೆ’ ವಾಕ್ಯ ಯಾಕೆ ಎಂದೂ ಪೂರ್ತಿಯಾಗುವುದಿಲ್ಲ ಎಂದೂ ಆಗ ಅರ್ಥವಾಯಿತು. ಪೂರ್ತಿ ಮಾಡಿದರೆ ರುಬ್ಬುವ ಸರದಿ ನನ್ನವಳಿಗೇ ಬರುತ್ತದೆ.

ಹೊರಡುವ ಮೊದಲು ಭಾವ ಖರ್ಚಿನ ಪುಸ್ತಕ ತೋರಿಸಿದರು. ನಿವೃತ್ತರಾದ ದಿನದಿಂದ ಬರೆದದ್ದು. ಸಾಸಿವೆ ಐವತ್ತು ಗ್ರಾಂ, ಇಂಗು, ಬೆಂಕಿಪೊಟ್ಟಣ, ಎಲ್ಲಕ್ಕೂ ತೂಕ, ದರ, ಅಂಗಡಿ. ಪ್ರತಿ ತಿಂಗಳ ಕೊನೆಯಲ್ಲಿ ಮಾತ್ರ ಒಂದು ಸಾಲು ‘ಇತರೆ’ ಎಂದಿತ್ತು. ಮೊತ್ತ ಸಣ್ಣದಲ್ಲ. ವಿವರವಿಲ್ಲ. ಅವರೆಕಾಯಿ ತಿಂಗಳಲ್ಲಿ ಅದು ಇನ್ನೂ ಹಿಗ್ಗಿತ್ತು.

‘ಇದೇನು ಭಾವ, ನೀವೇ ಹಿಂಗೆ ಬರೆದರೆ?’ ಅಂದೆ.

‘ಅದು ನಿಮ್ಮತ್ತಿಗೆ ಡಿಪಾರ್ಟ್‌ಮೆಂಟು. ಅದಕ್ಕೆ ಆಡಿಟ್ ಇಲ್ಲ’ ಎಂದು ಪುಟ ತಿರುಗಿಸಿದರು. ‘ಅದಿರಲಿ, ತೊಗರಿಬೇಳೆ ಎಲ್ಲಿ ತರ್ತಿದೀರಿ ಈಗ? ಹೆಂಗೆ ಕೆ.ಜಿ.?’

ಹೇಳಿದೆ.

‘ಹೋಗ್ಲಿ ಬಿಡಿ’ ಅಂದು, ಕಲಬುರಗಿ ಹೊಸ ಬೇಳೆ ಬಂದಿದೆ, ನಾಳೆ ಡಬ್ಬ ತಗೊಂಡು ಬನ್ನಿ ಅಂದರು.